ಕಂಬಳಿಯೊಳಗೆ ಕೂತವರು

ತಮ್ಮ ನಾಯಿ ಊರಿನ ಉಳಿದ ನಾಯಿಗಳ ಹಾಗಲ್ಲ ಎಂದು ನಂಬುವ ಜನ ಇರುವ ತನಕ ನನ್ನಂಥವನ ಬಾಳಿನಲ್ಲಿ ಈ ಮುಂದೆ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಅವನ್ನು ನಾನಾಗಿ ಕರೆದವನಲ್ಲ. ನಗಿಸುವ ಸ್ವಭಾವವೂ ನನ್ನದಲ್ಲ. ಸ್ಟುಡಿಯೋದ ಕುರ್ಚಿಯಲ್ಲಿ ಕೂತವರಿಗೆ "ಸ್ವಲ್ಪ ನಗ್ರಿ" ಎಂದು ಒಮ್ಮೆಯೂ ಹೇಳಿದವನಲ್ಲ. ಹಾಗಿದ್ದೂ ಎಪ್ಪತ್ತು, ಎಂಬತ್ತರ ದಶಕದಲ್ಲಿ ಇಳಕಲ್ಲಿನ ಬಜಾರಿನಲ್ಲಿ ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ನಾಯಿ ಫೋಟೋದಂವ" ಎಂದರೆ ಮನೆಯ ತನಕ ಬಂದು ತೋರಿಸಿ ಹೋಗುತ್ತಿದ್ದರು.

ಕೆಲಸ ಕಲಿತದ್ದು ಬಾಗಲಕೋಟೆಯ ಒಬ್ಬ ಹಿರಿಯ ಫೋಟೋಗ್ರಾಫರರ ಹತ್ತಿರ. ಅವರು ಹೇಳಿಕೊಟ್ಟ ಮೊದಲ ಪಾಠ: "ಫೋಟೋ ಅಂದ್ರ ಮನುಷ್ಯಾನ ಮಾನ. ಹಗರ ತಿಳೀಬ್ಯಾಡ." ಅದು ಬರಿಯ ದೊಡ್ಡ ಮಾತಲ್ಲ. ಆಗ ನಮ್ಮ ಕಡೆಯ ಎಷ್ಟೋ ಹಿರಿಯರು ಬಾಳಿನಲ್ಲಿ ಒಂದೇ ಒಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಅದೂ ಸತ್ತ ಮೇಲೆ. ಹೋದವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಫೋಟೋದವನಿಗೆ ಹೇಳಿ ಕಳಿಸುತ್ತಿದ್ದರು. ಮದುವೆಯ ಫೋಟೋ ಕೆಟ್ಟರೆ ಜನ ಬೈದು ಸುಮ್ಮನಾಗುತ್ತಾರೆ. ಸತ್ತವರ ಫೋಟೋಕ್ಕೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಆ ಮುಖ ಆ ಮನೆಗೆ ಇನ್ನೆಂದೂ ಸಿಗುವುದಿಲ್ಲ. ಅಂಥ ಕರೆ ಬಂದಾಗ ನಾನು ಉಣ್ಣುವ ತಾಟು ಬಿಟ್ಟು ಎದ್ದು ಹೋಗಿದ್ದೇನೆ. ಇಂಥ ಗಂಭೀರ ಕಸುಬಿನೊಳಗೆ ನಾಯಿಗಳು ಹೇಗೆ ನುಗ್ಗಿದವು ಎಂಬುದನ್ನು ಹೇಳಬೇಕು.

೧. ಮಗ್ಗದ ಅಜ್ಜ

ಸ್ಟುಡಿಯೋ ತೆರೆದು ಮೂರು ವರ್ಷವಾಗಿತ್ತೋ ನಾಲ್ಕೋ. ಒಂದು ಮಧ್ಯಾಹ್ನ ನೇಕಾರ ಅಜ್ಜನೊಬ್ಬ ಕಂದು ಬಣ್ಣದ ನಾಯಿಯೊಂದನ್ನು ಕರೆದುಕೊಂಡು ಬಂದ. ಕೊರಳಿಗೆ ಹಗ್ಗ ಇರಲಿಲ್ಲ. ಅಜ್ಜ ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ಅದೂ ನಿಂತಿತು, ಅವನು ಒಳಗೆ ಬಂದಾಗ ಅದೂ ಬಂತು.

"ಇದರದೊಂದು ಫೋಟೋ ತಗೀರಿ. ಮೋತಿ ಅಂತ ಇದರ ಹೆಸರು," ಎಂದ.

"ನಿಮ್ಮದಲ್ಲೇನ್ರಿ ಅಜ್ಜಾರ?"

"ನಂದ್ಯಾಕ? ನಲವತ್ತ ವರ್ಷಾತು ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತು. ಮಂದಿ ಸೀರಿ ನೋಡ್ತಾರ, ನೇಯ್ದಾಂವನ ಮಾರಿ ಯಾರು ನೋಡ್ತಾರ? ಇದು ದಿನಾ ಕುಣಿ ದಂಡಿಗೆ ಕುಂತು ನನ್ನ ನೋಡತೈತಿ. ನಾಳೆ ಇದು ಹ್ವಾದ್ರ, ಲಾಳಿ ಒಗದು ಬ್ಯಾಸರಾದಾಗ ನಾ ಯಾರ್ನ ನೋಡ್ಲಿ?"

ನಾಯಿಯ ಫೋಟೋ ತೆಗೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಇದನ್ನು ಕೇಳಿದ ಮೇಲೆ ಮುಚ್ಚಿದೆ.

ಹಿಂದೆ ಅರಮನೆಯ ಮೆಟ್ಟಿಲು ಬರೆದ ಪರದೆ, ಮುಂದೆ ಮಖಮಲ್ಲಿನ ಸ್ಟೂಲು. ಮೋತಿಯನ್ನು ಸ್ಟೂಲಿನ ಮೇಲೆ ಕೂಡಿಸಿ ಅಜ್ಜ ಪಕ್ಕಕ್ಕೆ ಸರಿದರೆ ಅದೂ ಇಳಿದು ಪಕ್ಕಕ್ಕೆ ಬರುತ್ತಿತ್ತು. ನಾಯಿ ಬಾಲ ಡೊಂಕು ಎಂದು ಗಾದೆ ಕಟ್ಟಿದವನು ಫೋಟೋಗ್ರಾಫರ್ ಆಗಿರಲಿಕ್ಕಿಲ್ಲ. ಬಾಲ ಡೊಂಕಿದ್ದರೆ ನನಗೇನೂ ತೊಂದರೆಯಿಲ್ಲ, ಅಲುಗಾಡಿದರೆ ತೊಂದರೆ. ಆಗಿನ ನನ್ನ ಕ್ಯಾಮೆರಾಕ್ಕೆ, ಆ ಎರಡು ದೀಪಕ್ಕೆ, ಕೂತವರು ಅರ್ಧ ಸೆಕೆಂಡಾದರೂ ಕಲ್ಲಿನ ಹಾಗೆ ಕೂಡಬೇಕಿತ್ತು. ಅಜ್ಜ ಹಿಡಿದುಕೊಂಡರೆ ಮೋತಿ ಕಲ್ಲಾಗುತ್ತಿತ್ತು. ಆದರೆ ಅಜ್ಜ ಫೋಟೋದಲ್ಲಿ ಬರಲು ಒಪ್ಪಲಿಲ್ಲ.

ಕೊನೆಗೆ ಡಾರ್ಕ್‌ರೂಮಿನ ಕಿಟಕಿಗೆ ಕಟ್ಟಿದ್ದ ಕರಿ ಕಂಬಳಿಯನ್ನು ಬಿಚ್ಚಿ ತಂದೆ. ಅಜ್ಜನನ್ನು ಸ್ಟೂಲಿನ ಮೇಲೆ ಕೂಡಿಸಿ, ತಲೆಯಿಂದ ಕಾಲಿನ ತನಕ ಕಂಬಳಿ ಹೊದಿಸಿ, ತೊಡೆಯ ಮೇಲೆ ಮೋತಿಯನ್ನು ಇಟ್ಟೆ. ಅಜ್ಜ ಕಂಬಳಿಯೊಳಗಿನಿಂದ ಮೂರು ಸಲ ಕೇಳಿದ: "ನಾ ಕಾಣಂಗಿಲ್ಲಲ್ಲ?" ಮೂರು ಸಲವೂ ಇಲ್ಲ ಎಂದೆ. ಮೋತಿ ದೇವರ ಹಾಗೆ ಕೂತಿತು. ಫೋಟೋ ಆಯಿತು.

"ಮುಗೀತ್ರಿ, ಹೊರಗ ಬರ್ರಿ," ಎಂದೆ.

"ಇನ್ನೊಂದ ಗಳಿಗಿ ಇರ್ತೇನಿ," ಎಂದಿತು ಕಂಬಳಿ. "ಇಲ್ಲಿ ಮಗ್ಗದ ಸಪ್ಪಳಿಲ್ಲ."

ಪ್ರಿಂಟು ಹಾಕಿದಾಗ ನನ್ನ ತಪ್ಪು ಕಂಡಿತು. ಕಂಬಳಿ ಒಂದಿಷ್ಟು ಜಾರಿ ಅಜ್ಜನ ನಾಲ್ಕು ಬೆರಳು ಮೋತಿಯ ಎದೆಯ ಮೇಲೆ ಎದ್ದು ಕಾಣುತ್ತಿದ್ದವು. ಕಾಣುವುದಿಲ್ಲ ಎಂದು ಮಾತು ಕೊಟ್ಟವನು ನಾನು. ಸಣ್ಣ ಬ್ರಷ್ ತೆಗೆದುಕೊಂಡು ಮಸಿ ಹಚ್ಚಿ ಒಂದೊಂದೇ ಬೆರಳನ್ನು ಮುಚ್ಚಿದೆ.

ಫೋಟೋ ಒಯ್ಯಲು ಅಜ್ಜ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಆ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿದಳು.

"ನಾಯಿ ಛಲೋ ಬಂದೈತ್ರಿ. ಹಿಂದ ಇದೇನು, ಕರೇ ಗುಡ್ಡ?"

"ಅದ ನಾನು," ಎಂದ ಅಜ್ಜ.

ಅಜ್ಜಿ ಇನ್ನೊಮ್ಮೆ ನೋಡಿ, "ಅದಕ್ಕ ನೀವು ಇಷ್ಟು ಛಲೋ ಬಂದೀರಿ," ಎಂದಳು.

೨. ಹುನಗುಂದದ ಬೀಗರು

ಆ ಫೋಟೋದ ಇನ್ನೊಂದು ಪ್ರತಿಯನ್ನು, ಅದಕ್ಕೂ ಮಸಿ ಹಚ್ಚಿ, ಬಾಗಿಲ ಪಕ್ಕದ ಶೋಕೇಸಿನಲ್ಲಿ ಇಟ್ಟೆ. ಮದುಮಕ್ಕಳು, ಟೋಪಿ ಹಾಕಿದ ಯಜಮಾನರು, ತೊಟ್ಟಿಲ ಕೂಸುಗಳು, ಅವರೆಲ್ಲರ ನಡುವೆ ಮೋತಿ. ಸಂತೆಗೆ ಬಂದವರು ನಿಂತು ನೋಡತೊಡಗಿದರು. ಯಜಮಾನರನ್ನು ಯಾರೂ ನೋಡಲಿಲ್ಲ. ಕೆಲವೇ ತಿಂಗಳಲ್ಲಿ ಸುತ್ತಲಿನ ಊರುಗಳಿಂದ ನಾಯಿಗಳು ಬರತೊಡಗಿದವು. ನನಗೂ ಹೊಟ್ಟೆಪಾಡಲ್ಲವೇ, ಕಂಬಳಿಯನ್ನು ಕಿಟಕಿಯಿಂದ ಕಾಯಮ್ಮಾಗಿ ಬಿಚ್ಚಿಟ್ಟೆ.

ಹುನಗುಂದದಿಂದ ಒಬ್ಬ ವಕೀಲರು ಹೇಳಿ ಕಳಿಸಿದರು. ಇಬ್ಬರು ಬೀಗರ ನಡುವೆ ಒಂದು ಮುಧೋಳ ತಳಿಯ ಬೇಟೆನಾಯಿಯ ದಾವೆ. ಮಗಳನ್ನು ಕೊಟ್ಟಾಗ ನಾಯಿಯನ್ನೂ ಕೊಟ್ಟಿದ್ದಾರೆ ಎಂದು ಗಂಡಿನ ತಂದೆ. ಮಗಳನ್ನು ಕೊಟ್ಟದ್ದು ಖರೆ, ನಾಯಿಯನ್ನು ಸುಗ್ಗಿ ಮುಗಿಯುವ ತನಕ ಎರವಲು ಕೊಟ್ಟಿದ್ದೆ ಎಂದು ಹೆಣ್ಣಿನ ತಂದೆ. ಯಾವ ನಾಯಿ ಎಂಬುದಕ್ಕೆ ದಾಖಲೆ ಬೇಕಿತ್ತು.

ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಸ್ಟ್ಯಾಂಡು ಹಚ್ಚಿ ಕಂಬಳಿ ತೆಗೆದೆ. ಯಾರಾದರೂ ಒಬ್ಬರು ಒಳಗೆ ಕೂತು ಹಿಡಿಯಬೇಕು ಎಂದೆ. ಅಷ್ಟೇ ಸಾಕಾಯಿತು. ಕಂಬಳಿ ಹೊದ್ದವನೇ ಮಾಲೀಕ ಎಂದಾಗುತ್ತದೆ ಎಂದು ಇಬ್ಬರೂ ಕಂಬಳಿಯ ಎರಡು ತುದಿ ಹಿಡಿದು ಎಳೆಯತೊಡಗಿದರು. ಒಬ್ಬೊಬ್ಬರನ್ನಾಗಿ ಕೂಡಿಸಿ ನೋಡಿದೆವು. ನಾಯಿ ಇಬ್ಬರ ತೊಡೆಯಿಂದಲೂ ಜಿಗಿದು, ಅಂಗಳದ ಮೂಲೆಯಲ್ಲಿ ಚಹಾ ಮಾರುತ್ತಿದ್ದವನ ಕಾಲ ಬಳಿ ಹೋಗಿ ಕೂತಿತು. ತಾರೀಖಿಗೊಮ್ಮೆ ಬಂದು ಬಂದು ಅವನ ಬಿಸ್ಕೀಟಿನ ರುಚಿ ಹತ್ತಿತ್ತು. ವಕೀಲರು ಬೇಸತ್ತು, "ಅವನ್ನ ಕೂಡಸ್ರಿ, ಒಳಗ ಯಾರದಾರ ಅಂತ ಯಾರು ಕೇಳ್ತಾರ?" ಎಂದರು.

ಕೇಳಿದರು. ಮುಂದಿನ ತಾರೀಖಿಗೆ ಜಡ್ಜ್ ಸಾಹೇಬರು ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಯಿ ಸರಿ. ಈ ಕಂಬಳಿ ಯಾರು?" ಎಂದರು.

ಬೀಗರಿಬ್ಬರೂ ಒಟ್ಟಿಗೆ ಎದ್ದು ನಿಂತು, "ನಾನ್ರಿ," ಎಂದರು.

ಸಾಹೇಬರು ಕನ್ನಡಕ ತೆಗೆದು ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಚಹಾದಂವ್ರಿ," ಎಂದೆ.

ದಾವೆ ಮುಂದಕ್ಕೆ ಹೋಯಿತು. ಅಲ್ಲಿಯ ತನಕ ನಾಯಿ ಯಾರ ಹತ್ತಿರ ಇರಬೇಕು ಎಂದು ವಕೀಲರು ಕೇಳಿದ್ದಕ್ಕೆ ಸಾಹೇಬರು ತಲೆ ಎತ್ತದೆ, "ಕಂಬಳಿ ಹತ್ರ ಇರಲಿ," ಎಂದರು.

೩. ಎಡಗಡೆಯ ಫೋಟೋ

ಬಾಗಲಕೋಟೆಯಲ್ಲಿ ಒಬ್ಬ ಎಂಜಿನಿಯರ್ ಸಾಹೇಬರ ಬಂಗಲೆ. ಅವರ ಹೆಂಡತಿ, ಎಲ್ಲರೂ ಬಾಯಿಯವರು ಎನ್ನುತ್ತಿದ್ದವರು, ಒಂದು ಬಿಳಿ ಪಾಮೇರಿಯನ್ ಸಾಕಿದ್ದರು. ಹೆಣ್ಣುನಾಯಿ. ಧಾರವಾಡದಲ್ಲಿ ಅದೇ ಜಾತಿಯ ಗಂಡು ಇದೆ, ಫೋಟೋ ಕಳಿಸಬೇಕು ಎಂದು ನನ್ನನ್ನು ಕರೆಸಿದರು.

ಅವರ ನಾಯಿಯ ಬಲಗಿವಿ ಬೀದಿನಾಯಿಯ ಜೊತೆ ಜಗಳಾಡಿ ಅರ್ಧ ಹೋಗಿತ್ತು. "ಎಡಗಡೆಯಿಂದ ತಗೀರಿ," ಎಂದರು ಬಾಯಿಯವರು. ಅದರಲ್ಲಿ ನಾನು ಪಳಗಿದ ಕೈ. ಕನ್ಯೆ ತೋರಿಸುವ ಫೋಟೋಗಳಲ್ಲಿ ಯಾವ ಹುಡುಗಿಯನ್ನು ಯಾವ ಕಡೆ ತಿರುಗಿಸಬೇಕು, ಯಾವ ಹುಡುಗನಿಗೆ ಟೋಪಿ ಇಡಬೇಕು ಎಂಬುದೇ ನಮ್ಮ ಕಸುಬಿನ ಅರ್ಧ. ಕಿವಿ ಹೋದದ್ದು ದೇವರಿಗೂ ಗೊತ್ತಾಗದಂತೆ ತೆಗೆದುಕೊಟ್ಟೆ.

ಹದಿನೈದು ದಿನಕ್ಕೆ ಮತ್ತೆ ಕರೆ ಬಂತು. ಧಾರವಾಡದವರು ಕಾಗದ ಬರೆದಿದ್ದರು: ಹೆಣ್ಣು ಒಪ್ಪಿಗೆಯಾಗಿದೆ, ಬಲಗಡೆಯಿಂದ ಇನ್ನೊಂದು ಫೋಟೋ ಕಳಿಸಿರಿ. ಅವರಿಗೆ ಹೇಗೆ ಗೊತ್ತಾಯಿತೆಂದು ನನಗೆ ತಿಳಿಯಲಿಲ್ಲ. ಬಾಯಿಯವರು ಬೇಸರದಿಂದ ಗಂಡಿನ ಫೋಟೋ ತಂದು ನನ್ನ ಮುಂದೆ ಇಟ್ಟರು. ನೋಡಿದ ಕೂಡಲೇ ತಿಳಿಯಿತು. ಅದನ್ನು ಬಲಗಡೆಯಿಂದ ತೆಗೆದಿದ್ದರು.

"ನೀವೂ ಎಡಗಡೆ ಫೋಟೋ ಕೇಳ್ರಿ, ಬಾಯಾರ," ಎಂದೆ. ಕೇಳಿದರು. ಆ ಮೇಲೆ ಎರಡೂ ಕಡೆಯವರು ಫೋಟೋದ ಮಾತೆತ್ತದೆ ಸಂಬಂಧ ಗಟ್ಟಿಮಾಡಿಕೊಂಡರು.

ಇದನ್ನು ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

"ನಿಮ್ಮ ಫೋಟೋ ನಮ್ಮ ಮನಿಗೆ ಬಂದಾಗ, ಇನ್ನೊಂದು ಕೇಳ್ರಿ ಅಂತ ನಾನೂ ಹೇಳಿದ್ದೆ," ಎಂದಳು. "ಅಪ್ಪ ನನ್ನ ಮಾತು ಕೇಳಲಿಲ್ಲ."

೪. ಮದುಮಗನ ಕಿವಿ

ನಾಯಿ ಕ್ಯಾಮೆರಾದ ಕಡೆ ನೋಡಬೇಕಾದರೆ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ "ಚ್ಯು, ಚ್ಯು" ಎಂದು ಸಪ್ಪಳ ಮಾಡಬೇಕು. ಕಿವಿ ನಿಮಿರುತ್ತದೆ, ಕಣ್ಣು ಅರಳುತ್ತದೆ. ಆ ಕ್ಷಣವೇ ಒತ್ತಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದರೆ ನಾಲಿಗೆ ಯಜಮಾನನ ಮಾತು ಕೇಳುವುದಿಲ್ಲ.

ಒಂದು ದೊಡ್ಡ ಮನೆತನದ ಮದುವೆ. ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳ ಜೋಡಿ ಫೋಟೋ. ಬಾಸಿಂಗ ಕಟ್ಟಿಕೊಂಡ ಮದುಮಗ ನಿದ್ದೆಗೆಟ್ಟು ತಲೆ ತಗ್ಗಿಸಿ ಕೂತಿದ್ದ. ಮೂವರು ಮೇಲೆ ನೋಡೆಂದರೂ ನೋಡಲಿಲ್ಲ. ನಾನು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದ್ದೆ. ಹೊರಗಿನ ಲೋಕ ಮರೆತಿತ್ತು. ತೊಡೆ ತಟ್ಟಿ, "ಚ್ಯು, ಚ್ಯು. ಮೋತಿ, ಇಲ್ಲಿ," ಎಂದುಬಿಟ್ಟೆ.

ಮದುಮಗ ತಟ್ಟನೆ ತಲೆ ಎತ್ತಿದ. ಆ ಮದುವೆಯಲ್ಲಿ ಅಷ್ಟು ಚೆನ್ನಾಗಿ ಬಂದ ಫೋಟೋ ಇನ್ನೊಂದಿಲ್ಲ. ಆದರೆ ಬಟ್ಟೆಯಿಂದ ತಲೆ ಹೊರಗೆ ತೆಗೆದಾಗ ಹಂದರವೆಲ್ಲ ನನ್ನನ್ನೇ ನೋಡುತ್ತಿತ್ತು. ಮದುಮಗನ ಸೋದರಮಾವ ನನ್ನ ಹತ್ತಿರ ಬಂದು, "ಏನಂದ್ರಿ? ಇನ್ನೊಮ್ಮೆ ಅನ್ರಿ," ಎಂದರು. ಹೆಣ್ಣಿನ ಕಡೆಯವರು ಅತ್ತ ತಿರುಗಿ ನಿಂತಿದ್ದರು, ಹೆಗಲು ಮಾತ್ರ ಕುಣಿಯುತ್ತಿದ್ದವು. ಕೈಮುಗಿದು ತಪ್ಪಾಯಿತೆಂದೆ. ಆ ಮನೆತನ ಮತ್ತೆ ನನ್ನನ್ನು ಕರೆಯಲಿಲ್ಲ, ಅವರ ಬೀಗರ ಬೀಗರೂ ಕರೆಯಲಿಲ್ಲ.

ತಿಂಗಳ ಮೇಲೆ ಆ ಮದುಮಗಳೇ ಗೆಳತಿಯ ಜೊತೆ ಬಂದು ಫೋಟೋ ತೆಗೆದುಕೊಂಡಳು. ಹೋಗುವಾಗ ಗೆಳತಿಯನ್ನು ಮುಂದೆ ಕಳಿಸಿ ಮೆಲ್ಲಗೆ ಕೇಳಿದಳು: "ಆ ಸಪ್ಪಳ ಹೆಂಗ ಮಾಡೂದ್ರಿ? ನಾ ಕರದ್ರ ತಲಿ ಎತ್ತಂಗಿಲ್ಲ."

ಅವಳಿಗೆ ಅದು ನಗೆಯಾಗಿರಬಹುದು. ನನ್ನ ಹೆಂಡತಿಗೆ ಆಗಲಿಲ್ಲ. ಆ ವರ್ಷ ಮದುವೆಗಳು ಕಡಿಮೆಯಾದವು. ದೀಪಾವಳಿಗೆ ತಿಂಗಳಿರುವಾಗ ಹೊರಗಿನ ಊರಿನವರೊಬ್ಬರು ಮಗಳ ಮದುವೆಯ ಫೋಟೋ ಗೊತ್ತುಮಾಡಲು ಬಂದು, ಶೋಕೇಸಿನ ಮುಂದೆ ನಿಂತು ಮೋತಿಯನ್ನು ನೋಡಿ, ಬಾಗಿಲಲ್ಲೇ ಕೇಳಿದರು: "ಮನುಷ್ಯಾರದ್ದೂ ತಗೀತೀರೇನ್ರಿ?"

ಬುತ್ತಿ ತಂದು ಒಳಗಿದ್ದ ನನ್ನ ಹೆಂಡತಿ ಕೇಳಿಸಿಕೊಂಡಳು. ಅವರು ಹೋದ ಮೇಲೆ ಹೊರಗೆ ಬಂದಳು.

"ನಿಮ್ಮ ಮಾಸ್ತರು ಏನ್ ಹೇಳಿದ್ರು ನಿಮಗ? ಫೋಟೋ ಅಂದ್ರ ಮನುಷ್ಯಾನ ಮಾನ ಅಂತ. ಮಂದಿ ಮಾನ ಇರಲಿ, ನಮ್ಮದು ಉಳದೈತೇನು? ದೀಪಾವಳಿ ಪೂಜಿ ಒಳಗ ಆ ನಾಯಿ ಅಲ್ಲಿಂದ ಇಳೀಬೇಕು."

ಇಳಿಸುತ್ತೇನೆ ಎಂದು ಮಾತು ಕೊಟ್ಟೆ. ಅವಳು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ.

೫. ಬುಟ್ಟಿಯ ತುಂಬ ಮರಿ

ಪೂಜೆಗೆ ಎರಡು ವಾರವಿರುವಾಗ ಕುಳಗೇರಿ ಕ್ರಾಸಿನ ಒಬ್ಬ ಖಾನಾವಳಿಯವರ ಕಾರ್ಡು ಬಂತು. ಅವರ ನಾಯಿ ಐದು ಮರಿ ಹಾಕಿದೆ, ಐದನ್ನೂ ಒಂದು ಬುಟ್ಟಿಯಲ್ಲಿಟ್ಟು ತಾಯಿಯನ್ನು ಪಕ್ಕಕ್ಕೆ ಕೂಡಿಸಿ ಫೋಟೋ ತೆಗೆಯಬೇಕು, ಖಾನಾವಳಿಯ ಗೋಡೆಗೆ ಹಾಕಬೇಕು. ಇದೇ ಕೊನೆಯದು ಎಂದು ಹೆಂಡತಿಗೆ ಹೇಳಿ ಮುಂಜಾನೆಯ ಬಸ್ಸು ಹತ್ತಿದೆ. ಬಾದಾಮಿಯಲ್ಲಿ ಬಸ್ಸು ಬದಲಿಸಿ ಅಲ್ಲಿ ಇಳಿದಾಗ ಊಟದ ಹೊತ್ತು.

ಒಂದು ಮರಿಯನ್ನು ಬುಟ್ಟಿಗೆ ಹಾಕಿದರೆ ತಾಯಿ ಇನ್ನೊಂದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಒಲೆಯ ಮೂಲೆಯಲ್ಲಿ ಇಟ್ಟು ಬರುತ್ತಿತ್ತು. ಊಟಕ್ಕೆ ಕೂತ ಲಾರಿ ಡ್ರೈವರುಗಳು ತಾಟಿನಿಂದ ಏಳದೆಯೇ ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಎಲ್ಲರ ಉಪಾಯವೂ ಮುಗಿಯಿತು, ಬಿಸಿಲೂ ಇಳಿಯಿತು. ಕಡೆಗೆ ಖಾನಾವಳಿಯವರಿಗೇ ಕಂಬಳಿ ಹೊದಿಸಿ, ತಾಯಿಯನ್ನು ಅವರ ಕೈಗೆ ಕೊಟ್ಟು ಕೂಡಿಸಿದೆ. ನಾಯಿ ಸುಮ್ಮನಾಗಿ ಕಂಬಳಿಯೊಳಗೇ ಸೇರಿಕೊಂಡಿತು. ಮರಿಗಳಿಗೆ ಹಾಲಿನ ವಾಸನೆ ಬಡಿಯಿತು. ನಾನು ಕ್ಯಾಮೆರಾದಲ್ಲಿ ನೋಡಿ ಒತ್ತುವಷ್ಟರಲ್ಲಿ ಐದೂ ಮರಿ ಬುಟ್ಟಿಯಿಂದ ಇಳಿದು ಒಂದರ ಹಿಂದೆ ಒಂದು ಕಂಬಳಿಯೊಳಗೆ ಹೋದವು. ಅದು ನನ್ನ ಹತ್ತಿರ ಉಳಿದಿದ್ದ ಕೊನೆಯ ಫಿಲ್ಮು.

"ಎಲ್ಲಾ ಬಂದಾವಲ್ರಿ?" ಎಂದು ಕೇಳಿದರು ಖಾನಾವಳಿಯವರು.

ಒಂದು ಖಾಲಿ ಬುಟ್ಟಿ, ಅದರ ಪಕ್ಕ ಅಲ್ಲಲ್ಲಿ ಉಬ್ಬಿದ ಒಂದು ಕಂಬಳಿ. "ಬಂದಾವ್ರಿ," ಎಂದೆ. "ಎಲ್ಲಾ ಒಳಗದಾವ."

೬. ಒಳಗಿದ್ದವರು

ಆ ಮರಿಗಳ ದೆಸೆಯಿಂದ ಬಾದಾಮಿಯಲ್ಲಿ ನನಗೆ ಮುಂದಿನ ಬಸ್ಸು ತಪ್ಪಿತು. ಅಲ್ಲಿಯೇ ಉಳಿದು ಮರುದಿನ ಹೊರಟೆ. ದಾರಿಯಲ್ಲಿ ಆ ಬಸ್ಸೂ ಕೆಟ್ಟು ನಿಂತು, ಇಳಕಲ್ಲಿಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಸ್ಟುಡಿಯೋದ ಬಾಗಿಲು ತೆಗೆಯುತ್ತಿದ್ದಾಗ ಪಕ್ಕದ ಅಂಗಡಿಯ ಟೇಲರು ಹೊಲಿಗೆ ನಿಲ್ಲಿಸಿ ಎದ್ದು ಬಂದ.

"ಮಗ್ಗದ ಅಜ್ಜ ಹ್ವಾದ್ರು," ಎಂದ. "ನಿನ್ನೆ ಮಧ್ಯಾಹ್ನ ಉಣ್ಣಾಕ ಏಳಬೇಕಂದಾಂವ ಮಗ್ಗದಾಗ ಕುಂತಲ್ಲೇ ಹ್ವಾದ. ಅವರ ಮಗ ಮೂರು ಸಲ ಬಂದಿದ್ದ. ಎಲ್ಲಿ ಹೋಗ್ಯಾರಂತ ಕೇಳಿದ. ನಾಯಿ ಫೋಟೋ ತಗಿಯಾಕ ಅಂದೆ."

ಊರಿನಲ್ಲಿದ್ದ ಇನ್ನೊಂದು ಸ್ಟುಡಿಯೋದವರು ಕ್ಯಾಮೆರಾ ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಅಜ್ಜನನ್ನು ಗೋಡೆಗೆ ಒರಗಿಸಿ ಕೂಡಿಸಿ ಅಂದು ಮಧ್ಯಾಹ್ನದ ತನಕ ನನ್ನ ದಾರಿ ಕಾದಿದ್ದರು. ಆಮೇಲೆ ಒಯ್ದು ಮಣ್ಣು ಮಾಡಿದ್ದರು.

ಮನೆಗೆ ಹೋದೆ. ಹೆಂಡತಿಗೆ ಗೊತ್ತಿತ್ತು. ಅವಳು ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸೆರಗು ಹೊದ್ದುಕೊಂಡು, "ನಡೀರಿ, ನಾನೂ ಬರ್ತೇನಿ," ಎಂದಳು.

ಆ ಮನೆಯ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಮುದಿಯಾದ ಮೋತಿ ಕುಣಿಯ ದಂಡೆಗೆ ಗದ್ದ ಊರಿ ಖಾಲಿ ಕುಣಿಯನ್ನು ನೋಡುತ್ತ ಮಲಗಿತ್ತು. ಮೊದಲು ಹೋಗಬೇಕಾದದ್ದು ತಾನಲ್ಲವೇ ಎಂದು ಅದಕ್ಕೂ ಅನ್ನಿಸಿತ್ತೋ ಏನೋ. ಅಜ್ಜಿ ಗೋಡೆಗೆ ಆತು ಕೂತಿದ್ದಳು.

"ಬಂದ್ರೇನ್ರಿ ಫೋಟೋದವರ?" ಎಂದಳು. ಸಿಟ್ಟಿರಲಿಲ್ಲ. "ಭಾಳ ಹೊತ್ತು ಕೂಡ್ಸಿದ್ವಿ. ಇನ್ನ ಕೂಡ್ಸೂದು ಛಲೋ ಅಲ್ಲಂದ್ರು ಹಿರ್ಯಾರು. ಒಂದರ ಫೋಟೋ ಇಲ್ಲ ನೋಡ್ರಿ ಅವರ್ದು. ನಾಳೆ ಮೊಮ್ಮಕ್ಕಳಿಗೆ ಇಂವ ನಿಮ್ಮಜ್ಜ ಅಂತ ಏನ್ ತೋರಸ್ಲಿ?"

"ಐತಿ, ಅಮ್ಮಾ," ಎಂದೆ. ವಿಚಾರ ಮಾಡುವ ಮೊದಲೇ ಬಾಯಿಯಿಂದ ಬಂದುಬಿಟ್ಟಿತು.

"ಎಲ್ಲೈತಿ?" ಎಂದ ಮಗ.

ಎದುರಿನ ಗೋಡೆಯಲ್ಲಿ ತೂಗುತ್ತಿದ್ದ ಮೋತಿಯ ಫೋಟೋ ತೋರಿಸಿದೆ. "ಒಳಗದಾರ."

ಮಗನ ಮುಖ ಬಿಗಿಯಿತು. ಸಾವಿನ ಮನೆಗೆ ಬಂದು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡ. ನಾನು ಚೇಷ್ಟೆ ಮಾಡುವವನಲ್ಲ. ಕಂಬಳಿ ಜಾರಿದ್ದು, ನಾಲ್ಕು ಬೆರಳು ಬಂದದ್ದು, ಅವಕ್ಕೆ ನಾನು ಮಸಿ ಹಚ್ಚಿ ಮುಚ್ಚಿದ್ದು, ಎಲ್ಲವನ್ನೂ ಹೇಳಿದೆ. ಅಜ್ಜಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಬೆರಳು ಸಿಗ್ತಾವೇನ್ರಿ?"

"ನೆಗೆಟಿವ್‌ನ್ಯಾಗ ಇದ್ರ ಸಿಗ್ತಾವ."

"ಇದ್ರ ಅಂದ್ರ?"

ನೋಡಿ ಹೇಳ್ತೇನಿ ಎಂದು ಎದ್ದೆ. ಬೇಡವಾದದ್ದನ್ನು ಫೋಟೋದಿಂದ ತೆಗೆಯಲು ನಮ್ಮಲ್ಲಿ ಎರಡು ದಾರಿ. ಪ್ರಿಂಟಿನ ಮೇಲೆ ಮಸಿ ಹಚ್ಚುವುದು ಒಂದು. ನೆಗೆಟಿವ್ ಅನ್ನೇ ಬ್ಲೇಡಿನಿಂದ ಕೆರೆಯುವುದು ಇನ್ನೊಂದು. ಕೆರೆದರೆ ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಮೊದಲ ಎರಡು ಪ್ರತಿಗೆ ಮಸಿ ಹಚ್ಚಿದ್ದು ನೆನಪಿತ್ತು. ಆಮೇಲೆ ಎಂದಾದರೂ, ಕೆಲಸ ಸ್ವಚ್ಛವಾಗಲಿ ಎಂದು, ಬ್ಲೇಡು ಆಡಿಸಿದ್ದೆನೋ ಇಲ್ಲವೋ ನೆನಪಿರಲಿಲ್ಲ. ಆ ವರ್ಷಗಳಲ್ಲಿ ಎಷ್ಟೋ ಜನರ ಬೆರಳನ್ನು ಹಾಗೆ ಕೆರೆದು ತೆಗೆದಿದ್ದೆ.

ಸ್ಟುಡಿಯೋಕ್ಕೆ ಬಂದು ನೆಗೆಟಿವ್‌ಗಳ ಡಬ್ಬಿಗಳನ್ನು ಇಳಿಸಿದೆ. ಹೆಂಡತಿ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಡತೊಡಗಿದಳು. ಎಷ್ಟು ನಾಯಿಗಳು ಎಂದು ಬಹುಶಃ ಅಂದೇ ಅವಳಿಗೆ ಸರಿಯಾಗಿ ಗೊತ್ತಾದದ್ದು. ಮೂರನೆಯ ಡಬ್ಬಿಯಲ್ಲಿ ಅವಳ ಕೈ ನಿಂತಿತು.

"ಅದಾವ," ಎಂದಳು. "ನಾಕೂ ಅದಾವ."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಜ್ಜ ಕೂತಿದ್ದ ಅದೇ ಸ್ಟೂಲು.

ದೊಡ್ಡ ಕಾಗದದ ಮೇಲೆ ಪ್ರಿಂಟು ಹಾಕಿದೆ. ಔಷಧದ ತಟ್ಟೆಯಲ್ಲಿ ಮೊದಲು ಕಂಬಳಿ ಕಪ್ಪಾಯಿತು, ಆಮೇಲೆ ಮೋತಿಯ ಕಣ್ಣು ಬಂತು, ಎಲ್ಲಕ್ಕೂ ಕೊನೆಗೆ ಬೆರಳುಗಳು. ನೂಲಿನ ಎಳೆ ಎಳೆದು ಎಳೆದು ತೋರುಬೆರಳಿನಲ್ಲಿ ಬಿದ್ದಿದ್ದ ಗೀರು ಕೂಡ ಕಾಣುತ್ತಿತ್ತು. ಇಷ್ಟು ವರ್ಷ ನನ್ನ ಕೆಲಸದ ಕಳಂಕ ಎಂದು ಮಸಿ ಹಚ್ಚಿ ಮುಚ್ಚಿದ್ದು ಇದನ್ನು. ನಾನು ಡಾರ್ಕ್‌ರೂಮಿನಲ್ಲಿ ಅತ್ತದ್ದು ಅದೊಂದೇ ಸಲ.

ಅಜ್ಜನ ದಿನಕರ್ಮಕ್ಕೆ ಫ್ರೇಮು ಹಾಕಿಸಿ ಒಯ್ದೆವು. ಮಣೆಯ ಮೇಲೆ ಫೋಟೋ ಇಟ್ಟು ಚೆಂಡುಹೂವಿನ ಮಾಲೆ ಹಾಕಿದರು. ಬೀಗರು, ಬಿಜ್ಜರು, ಓಣಿಯ ಮಂದಿ ಮನೆತುಂಬ ಕೂತಿದ್ದರು. ಪೂಜೆಗೆ ಬಂದ ಅಯ್ಯನವರು ಮಂತ್ರ ಹೇಳುತ್ತ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಫೋಟೋದ ಹತ್ತಿರ ಬಗ್ಗಿದವರು ಹಾಗೇ ನಿಂತರು. ನಾಯಿಯ ಹಣೆ ಇತ್ತು. ಅಜ್ಜನ ಹಣೆ ಇರಲಿಲ್ಲ. ಮಂತ್ರವೂ ನಿಂತಿತು.

"ಎಲ್ಲಿ ಹಚ್ಚಲಿ?" ಎಂದು ಕೇಳಿದರು.

ಅಜ್ಜಿ ಎದ್ದು ಬಂದು ಮಣೆಯ ಮುಂದೆ ಕೂತು ಕಣ್ಣು ಕಿರಿದು ಮಾಡಿ ನೋಡಿದಳು.

"ನಾಯಿ ಮ್ಯಾಲ, ಕಂಬಳಿಗೆ ಹಚ್ರಿ. ಇನ್ನ ಸ್ವಲ್ಪ ಮ್ಯಾಲ. ಅಲ್ಲಲ್ಲ, ಎಡಕ್ಕ. ಅವರು ತಲಿ ಎಡಕ್ಕ ವಾಲಿಸಿ ಕೂಡ್ತಿದ್ರು."

ಅಯ್ಯನವರು ಅಜ್ಜಿ ಹೇಳಿದಂತೆ ಕೈಯನ್ನು ಮೇಲೆ, ಎಡಕ್ಕೆ, ತುಸು ಕೆಳಗೆ ಸರಿಸುತ್ತ ಹೋಗಿ, ಕರಿ ಕಂಬಳಿಯ ಮೇಲೆ ಮೂರು ಬಿಳಿಗೆರೆ ಎಳೆದರು. ಎಳೆದ ಕೂಡಲೇ ಅಲ್ಲಿ ಮನುಷ್ಯ ಕಂಡ. ಗೆರೆಯ ಕೆಳಗೆ ಮುಖ ಇರಬೇಕಾದಲ್ಲಿ ಮುಖ, ಹೆಗಲು ಇರಬೇಕಾದಲ್ಲಿ ಹೆಗಲು, ಕೆಳಗೆ ನಾಯಿಯನ್ನು ಹಿಡಿದ ನಾಲ್ಕು ಬೆರಳು.

"ಹಾಂ," ಎಂದಳು ಅಜ್ಜಿ. "ಈಗ ಕಂಡ್ರು ನೋಡ್ರಿ. ಕಾಣಂಗಿಲ್ಲ ಕಾಣಂಗಿಲ್ಲ ಅಂತಿದ್ರು." ಹಾಗೆಂದವಳೇ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನಕ್ಕ ಮೇಲೆ ಮಗ ನಕ್ಕ, ಮನೆಯೆಲ್ಲ ನಕ್ಕಿತು. ನಗುತ್ತ ನಗುತ್ತ ಎಲ್ಲರ ಕಣ್ಣೂ ಒದ್ದೆಯಾದವು. ನನ್ನ ಹೆಂಡತಿಯಂತೂ ಎದ್ದು ಹಿತ್ತಲಿಗೆ ಹೋದಳು.

ದೀಪಾವಳಿಯ ದಿನ ಮುಂಜಾನೆ, ಕೊಟ್ಟ ಮಾತಿನಂತೆ ಶೋಕೇಸಿನ ನಾಯಿಯನ್ನು ಇಳಿಸಲೆಂದು ಬೇಗ ಹೋದೆ. ಹೆಂಡತಿ ನನಗಿಂತ ಮೊದಲೇ ಬಂದು ಅದನ್ನು ಇಳಿಸಿಯಾಗಿತ್ತು. ಗಾಜು ಒರೆಸಿ, ಅದೇ ಜಾಗದಲ್ಲಿ ನಾನು ಅಂದು ಹಾಕಿದ್ದ, ಬೆರಳು ಇರುವ ಎರಡನೆಯ ಪ್ರಿಂಟನ್ನು ಇಟ್ಟಿದ್ದಳು.

ಪೂಜೆಯಾಗಿ ನಾಲ್ಕು ದಿನಕ್ಕೆ ಅಮೀನಗಡದ ಕಡೆಯ ಯಜಮಾನರೊಬ್ಬರು ಮಗನ ಮದುವೆಯ ಫೋಟೋ ಗೊತ್ತುಮಾಡಲು ಬಂದರು. ಶೋಕೇಸಿನ ಮುಂದೆ ನಿಂತು ನೋಡಿದರು. ಹುಬ್ಬು ಗಂಟಾಯಿತು.

"ಏನ್ರೀ, ಬರೇ ನಾಯಿ ಫೋಟೋ ತಗೀತೀರೋ, ಮನುಷ್ಯಾರದ್ದೂ ತಗೀತೀರೋ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಹೆಂಡತಿಯ ಮಾತು ಬಂತು.

"ಅದು ಮನುಷ್ಯಾರದ್ದ ಫೋಟೋರಿ. ನಾಯಿ ಅಡ್ಡ ಬಂದೈತಿ."